ಹದಿನಾಲ್ಕು ಜಾಗದ ಪಟ್ಟಿ, ಎರಡೂವರೆ ದಿನದ ಮೈಸೂರು

ಪ್ರಶ್ನೆ: ನಾವು ಗದಗಿನವರು. ಈ ಸಲ ದಸರಾ ರಜೆಯಲ್ಲಿ ಮಕ್ಕಳನ್ನು ಮೊದಲ ಬಾರಿಗೆ ಮೈಸೂರಿಗೆ ಕರೆತರಬೇಕೆಂದಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 4. ಜೊತೆಗೆ ಅತ್ತೆಯೂ ಇರುತ್ತಾರೆ. ಅವರಿಗೆ 67, ಮೊಣಕಾಲು ನೋವು. ರಾತ್ರಿ ರೈಲು ಹತ್ತಿ ಶನಿವಾರ ಬೆಳಗ್ಗೆ ಇಳಿಯುತ್ತೇವೆ, ಸೋಮವಾರ ಮಧ್ಯಾಹ್ನದ ಮೇಲೆ ವಾಪಸು ಹೊರಡುತ್ತೇವೆ. ಪಟ್ಟಿ ಹೀಗಿದೆ: ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ, ರಂಗನತಿಟ್ಟು, ಶ್ರೀರಂಗಪಟ್ಟಣ, ನಂಜನಗೂಡು, ಜಗನ್ಮೋಹನ ಅರಮನೆ, ರೈಲು ಮ್ಯೂಸಿಯಂ, ಕಾರಂಜಿ ಕೆರೆ, ಫಿಲೋಮಿನಾ ಚರ್ಚು, ದೇವರಾಜ ಮಾರುಕಟ್ಟೆ, ದಸರಾ ವಸ್ತುಪ್ರದರ್ಶನ, ಸಾಧ್ಯವಾದರೆ ಊಟಿ. ಕಾರು ಬಾಡಿಗೆಗೆ ಹಿಡಿದರೆ ಎಲ್ಲವೂ ಆಗುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅತ್ತೆ ಮಾತ್ರ "ನನ್ನ ಬಿಟ್ಟು ಹೋಗ್ರಿ, ನಿಮಗ ಯಾಕ ತೊಂದ್ರಿ" ಅನ್ನುತ್ತಿದ್ದಾರೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ರೈಲು ಮ್ಯೂಸಿಯಂ, ಕಾರಂಜಿ ಕೆರೆ, ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಈ ಐದನ್ನು ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸುತ್ತೇನೆ, ದಸರಾ ಆನೆಗಳ ತಾಲೀಮು. ಸಮಯ ಮಿಕ್ಕರೆ ಮಾರುಕಟ್ಟೆಯಲ್ಲಿ ಅರ್ಧ ಗಂಟೆ. ಉಳಿದ ಎಂಟನ್ನೂ ಈ ಸಲಕ್ಕೆ ಬಿಡಿ. ಊಟಿಯ ಹೆಸರನ್ನು ಮಕ್ಕಳ ಮುಂದೆ ಎತ್ತಲೇಬೇಡಿ.

ನಾನು 26 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಮೈಸೂರಿನವಳೆಂಬ ಕಾರಣಕ್ಕೆ ಶಾಲಾ ಪ್ರವಾಸದ ಹೊಣೆ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. ಶುರುವಿನ ವರ್ಷಗಳಲ್ಲಿ ನಾನೂ ನಿಮ್ಮ ಹಾಗೆಯೇ ಪಟ್ಟಿ ಮಾಡುತ್ತಿದ್ದೆ. ಒಂದು ವರ್ಷ ಮೂರನೇ ತರಗತಿಯ ನಲವತ್ತು ಮಕ್ಕಳಿಗೆ ಒಂದೇ ದಿನದಲ್ಲಿ ಎಂಟು ಜಾಗ ತೋರಿಸಿದೆವು. ಮರುದಿನ "ನೋಡಿದ್ದರಲ್ಲಿ ನಿಮಗೆ ಇಷ್ಟವಾದದ್ದನ್ನು ಬರೆಯಿರಿ" ಎಂದು ಡ್ರಾಯಿಂಗ್ ಹಾಳೆ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದದ್ದು ಎಮ್ಮೆ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ಬಸ್ಸಿನ ಚಕ್ರ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ನಾಲೆಯ ಏರಿ ಮೇಲೆ ಕೂತಿದ್ದೆವು. ಕೆಳಗೆ ನಾಲ್ಕು ಎಮ್ಮೆ ನೀರಿಗಿಳಿದು ಮೂಗಷ್ಟೇ ಹೊರಗಿಟ್ಟುಕೊಂಡು ಮಲಗಿದ್ದವು. ಆ ಇಡೀ ದಿನದಲ್ಲಿ ಮಕ್ಕಳಿಗೆ ಒಂದನ್ನು ಕಣ್ಣು ತುಂಬ ನೋಡಲು ಬಿಡುವು ಸಿಕ್ಕಿದ್ದು ಅಲ್ಲಿ ಮಾತ್ರ. ಆ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ. ಅಂದಿನಿಂದ ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಸಣ್ಣ ಜಾಗ, ನಡುವೆ ನಿದ್ದೆ ಎಂಬ ಲೆಕ್ಕದಲ್ಲೇ ಪ್ರವಾಸ ಹೂಡುತ್ತ ಬಂದೆ.

ನಿಮ್ಮಲ್ಲಿ ನಾಲ್ಕು ವರ್ಷದ ಮಗು, ಅರವತ್ತೇಳು ವರ್ಷದ ಹಿರಿಯರು ಇಬ್ಬರೂ ಇದ್ದಾರೆ. ಇಬ್ಬರ ಅಗತ್ಯವೂ ಹೆಚ್ಚುಕಡಿಮೆ ಒಂದೇ: ಬೆಳಗಿನ ತಂಪಿನಲ್ಲಿ ಓಡಾಟ, ಹತ್ತಿರದಲ್ಲಿ ಶೌಚಾಲಯ, ಮಧ್ಯಾಹ್ನ ಎರಡು ಗಂಟೆ ಹಾಸಿಗೆ. ಮಗನ ನಿದ್ದೆಯ ಹೊತ್ತನ್ನು ಮೊದಲು ಗುರುತು ಹಾಕಿಕೊಂಡು, ಉಳಿದ ಸಮಯದಲ್ಲಿ ಜಾಗಗಳನ್ನು ಕೂರಿಸಿ. ಜಾಗಗಳನ್ನು ಮೊದಲು ಕೂರಿಸಿ ನಿದ್ದೆಗೆ ಜಾಗ ಹುಡುಕಿದರೆ ಮಗು ಅರಮನೆಯ ನಡುಮನೆಯಲ್ಲೇ ರಂಪ ಮಾಡುತ್ತದೆ. ಅದು ಮಗುವಿನ ತಪ್ಪಲ್ಲ.

ಕಾರಿನ ವಿಚಾರ. ಮೈಸೂರು ಊರೊಳಗೆ ದೂರಗಳು ಚಿಕ್ಕವು. ರೈಲು ನಿಲ್ದಾಣದಿಂದ ಅರಮನೆಗೆ, ಅರಮನೆಯಿಂದ ಮೃಗಾಲಯಕ್ಕೆ ಎರಡೆರಡು ಕಿಲೋಮೀಟರು, ಅಷ್ಟೇ. ದಸರಾ ಸಂಜೆಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳನ್ನು ಏಕಮುಖ ಮಾಡುತ್ತಾರೆ, ಕೆಲವನ್ನು ಮುಚ್ಚುತ್ತಾರೆ. ಬಾಡಿಗೆ ಕಾರು ಎಲ್ಲೋ ನಿಂತಿರುತ್ತದೆ, ನೀವು ಮಗುವನ್ನು ಹೆಗಲ ಮೇಲೆ ಹೊತ್ತು ಅದನ್ನು ಹುಡುಕುತ್ತಿರುತ್ತೀರಿ. ಭಾನುವಾರ ಬೆಟ್ಟಕ್ಕೆ ಮಾತ್ರ ಅರ್ಧ ದಿನ ಕಾರು ಹಿಡಿಯಿರಿ, ಉಳಿದದ್ದಕ್ಕೆ ಆಟೋ ಸಾಕು. ನಗರ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆ ನಡೆಯುತ್ತದೆ, ಹೆಂಗಸರು ಗುರುತಿನ ಚೀಟಿ ಇಟ್ಟುಕೊಂಡಿರಿ. ಉಳಿದುಕೊಳ್ಳಲು ಊರಾಚೆಯ ರೆಸಾರ್ಟು ಬೇಡ. ಅರಮನೆ, ಇರ್ವಿನ್ ರಸ್ತೆ, ನಜರಬಾದ್ ಸುತ್ತಮುತ್ತ ಲಿಫ್ಟ್ ಇರುವ ಸಾಧಾರಣ ಹೋಟೆಲು ನೋಡಿ. ಮಧ್ಯಾಹ್ನ ಹತ್ತೇ ನಿಮಿಷದಲ್ಲಿ ಹಾಸಿಗೆ ಸೇರಬಹುದು ಎನ್ನುವುದೇ ಆ ಕೋಣೆಯ ಬೆಲೆ. ದಸರೆಯಲ್ಲಿ ಬಾಡಿಗೆ ಏರುವುದರಿಂದ ಬೇಗ ಗೊತ್ತು ಮಾಡಿಕೊಳ್ಳಿ.

ಶನಿವಾರ ರೈಲಿನಿಂದ ಇಳಿದ ಕೂಡಲೇ ಹೋಟೆಲಿಗೆ ಹೋದರೆ ಬಹಳ ಕಡೆ ಮಧ್ಯಾಹ್ನದವರೆಗೆ ಕೋಣೆ ಕೊಡುವುದಿಲ್ಲ. ಸಾಮಾನು ಅಲ್ಲಿಟ್ಟು, ಕೈಕಾಲು ಮುಖ ತೊಳೆದು, ತಿಂಡಿ ಮುಗಿಸಿ ರೈಲು ಮ್ಯೂಸಿಯಂಗೆ ಹೊರಡಿ. ನಿಲ್ದಾಣದ ಮಗ್ಗುಲಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗಿದೆ. 1979ರಲ್ಲಿ ಶುರುವಾದದ್ದು, ದೆಹಲಿಯದರ ನಂತರ ದೇಶದ ಎರಡನೆಯ ರೈಲು ವಸ್ತುಸಂಗ್ರಹಾಲಯ. ಹೆಸರು ಕೇಳಿ ಗಾಜಿನ ಪೆಟ್ಟಿಗೆಗಳ ಮ್ಯೂಸಿಯಂ ಅಂದುಕೊಳ್ಳಬೇಡಿ. ಮರದ ನೆರಳಲ್ಲಿ ಹಳೆಯ ಉಗಿಬಂಡಿಗಳು ನಿಂತಿವೆ, ಮಕ್ಕಳು ಹತ್ತಿ ಇಳಿಯಬಹುದು, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೋಗಬಹುದು. 1899ರ ಮಹಾರಾಣಿ ಸಲೂನ್ ಅಲ್ಲಿದೆ, ಅಡುಗೆಮನೆ, ಊಟದ ಕೋಣೆ ಸಮೇತ ಇರುವ ರಾಜಮನೆತನದ ಬೋಗಿ. ಅತ್ತೆಯವರಿಗೆ ಅದನ್ನು ತೋರಿಸಿ. ಇಡೀ ರಾತ್ರಿ ರೈಲಿನಲ್ಲಿ ಕಳೆದ ನಿಮ್ಮ ಮಗನಿಗೆ ರೈಲಿನ ಎಂಜಿನ್ನನ್ನು ಕೈಯಿಂದ ಮುಟ್ಟುವುದಕ್ಕಿಂತ ದೊಡ್ಡದು ಆ ಬೆಳಗ್ಗೆ ಬೇರೆ ಯಾವುದೂ ಇರಲಾರದು. ಒಂದೂವರೆ ಗಂಟೆ ಸಾಕು. ಆಮೇಲೆ ಊಟ, ಕೋಣೆ, ನಿದ್ದೆ.

ಸಂಜೆ ನಾಲ್ಕಕ್ಕೆ ಕಾರಂಜಿ ಕೆರೆ. ಮೃಗಾಲಯಕ್ಕೆ ಅಂಟಿಕೊಂಡೇ ಇದ್ದರೂ ಅದನ್ನೂ ಇದನ್ನೂ ಒಂದೇ ದಿನ ಮುಗಿಸುವ ಆಸೆಯಿಂದಲೇ ಜನ ಎರಡನ್ನೂ ಕೆಡಿಸಿಕೊಳ್ಳುತ್ತಾರೆ. ಮೃಗಾಲಯ ನಡೆದು ಸುಸ್ತಾದ ಕಾಲಲ್ಲಿ ಕೆರೆ ಸುತ್ತುವುದು ಯಾರಿಗೂ ಬೇಡ. ಬೇರೆ ದಿನ ಹೋದರೆ ಇದು ಮೈಸೂರಿನಲ್ಲಿ ಮಕ್ಕಳೊಂದಿಗೆ ಕಳೆಯಬಹುದಾದ ಅತ್ಯಂತ ನೆಮ್ಮದಿಯ ಸಂಜೆ. ಇಲ್ಲಿನ ಪಕ್ಷಿಮನೆಗೆ ಜನರೇ ಒಳಗೆ ಹೋಗಬಹುದು. 20 ಮೀಟರು ಎತ್ತರದ ಬಲೆಯ ಕೆಳಗೆ, ಪಂಜರದ ಒಳಗೆ ನಾವು ನಡೆಯುತ್ತೇವೆ, ಹಕ್ಕಿಗಳು ನಮ್ಮ ಪಕ್ಕದಲ್ಲೇ ಓಡಾಡುತ್ತವೆ. ನವಿಲು ಕಾಲಬುಡದಲ್ಲೇ ಹಾದುಹೋದಾಗ ನಾಲ್ಕು ವರ್ಷದ ಮಗು ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಿಟ್ಟೆ ಉದ್ಯಾನವಿದೆ, ದೋಣಿ ಇದೆ. ಅತ್ತೆಯವರು ನೀರಿನ ಕಡೆ ಮುಖ ಮಾಡಿರುವ ಬೆಂಚಿನ ಮೇಲೆ ಕೂತಿರಲಿ. ಅಕ್ಟೋಬರಿನಲ್ಲಿ ಸಂಜೆ ಮಳೆ ಬರುವುದುಂಟು, ಕೊಡೆಗಿಂತ ಮಕ್ಕಳಿಗೆ ರೇನ್‌ಕೋಟು ವಾಸಿ. ಮೊದಲ ದಿನ ಇಷ್ಟೇ. ಊಟ ಮಾಡಿ ಎಂಟೂವರೆಗೆ ಮಲಗಿಸಿಬಿಡಿ. ಭಾನುವಾರ ಬೇಗ ಏಳಬೇಕು.

ಭಾನುವಾರ ಬೆಟ್ಟ. ನವರಾತ್ರಿಯ ಭಾನುವಾರ ಚಾಮುಂಡೇಶ್ವರಿ ದರ್ಶನಕ್ಕೆ ಸಾಲು ಬೆಳೆಯುತ್ತದೆ, ಅದಕ್ಕೇ ಆರೂವರೆಗೇ ಊರು ಬಿಡಿ. ಹಿರಿಯರಿಗೆ ಬೇರೆ ವ್ಯವಸ್ಥೆ ಇದೆಯೇ ಎಂದು ದೇವಸ್ಥಾನದ ಕೌಂಟರಿನಲ್ಲಿ ಕೇಳಿಕೊಳ್ಳಿ. ಸಾಲಿನಲ್ಲಿ ಅತ್ತೆಯವರ ಜೊತೆ ಒಬ್ಬರು ನಿಂತರೆ ಸಾಕು. ಇನ್ನೊಬ್ಬರು ಮಕ್ಕಳನ್ನು ಮಹಿಷಾಸುರನ ಪ್ರತಿಮೆಯ ಹತ್ತಿರ ಕರೆದೊಯ್ಯಿರಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ದಪ್ಪ ಮೀಸೆ, ದೊಡ್ಡ ಕಣ್ಣು. ಮೈಸೂರಿನ ಮಕ್ಕಳೆಲ್ಲ ಅವನ ಮುಂದೆ ನಿಂತು ಅವನಂತೆಯೇ ಕಣ್ಣು ಬಿಟ್ಟು ಬೆಳೆದವರೇ. ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಬೇಡ, ಕೋತಿಗಳು ಕೇಳಿ ತೆಗೆದುಕೊಳ್ಳುವುದಿಲ್ಲ.

ಇಳಿಯುವಾಗ ಹೀಗೆ ಮಾಡಿ. ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ಕೆಳಗಿನಿಂದ ಎಣಿಸಿದರೆ 700ನೆಯದರ ಆಸುಪಾಸಿನಲ್ಲಿ ದೊಡ್ಡ ನಂದಿ. ಅಂದರೆ ಮೇಲಿನಿಂದ ನಂದಿಗೆ ಬರೀ ಮುನ್ನೂರು, ಅದೂ ಇಳಿಜಾರು. ನಂದಿಯವರೆಗೆ ಕಾರಿನ ರಸ್ತೆಯೂ ಇದೆ. ಮಗಳು ಅಪ್ಪನ ಜೊತೆ ಮೆಟ್ಟಿಲಿಳಿದು ಬರಲಿ, ನೀವು ಅತ್ತೆ, ಮಗನೊಂದಿಗೆ ಕಾರಿನಲ್ಲಿ ಅಲ್ಲಿಗೆ ಬನ್ನಿ. ಒಂಬತ್ತು ವರ್ಷದ ಮಗಳಿಗೆ ತಮ್ಮನ ವೇಗಕ್ಕೆ ಕಟ್ಟಿಹಾಕಿಕೊಳ್ಳದೆ ತನ್ನಷ್ಟಕ್ಕೆ ಏನನ್ನಾದರೂ ಮಾಡುವ ಅವಕಾಶ ಇಡೀ ಪ್ರವಾಸದಲ್ಲಿ ಒಂದೆರಡು ಸಲವಾದರೂ ಸಿಗಬೇಕು. ಚಿಕ್ಕವರಿರುವ ಮನೆಯಲ್ಲಿ ದೊಡ್ಡ ಮಗುವಿನ ಪ್ರವಾಸ ಹಾಗೆಯೇ ಕಳೆದುಹೋಗುತ್ತದೆ, ಯಾರೂ ಗಮನಿಸುವುದೂ ಇಲ್ಲ. ನಂದಿಯನ್ನು ಕಡೆಸಿದ್ದು ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 1659 ಮತ್ತು 1673ರ ನಡುವೆ, ಒಂದೇ ಬಂಡೆಯಲ್ಲಿ. ಕೊರಳಿನ ಗಂಟೆಸರ ಎಷ್ಟು ಸಾಲಿದೆ ಎಂದು ಎಣಿಸಲು ಮಗಳಿಗೆ ಹೇಳಿ. ಹತ್ತೂವರೆಗೆ ಕೋಣೆಗೆ ವಾಪಸು.

ಭಾನುವಾರ ಮಧ್ಯಾಹ್ನ ಮತ್ತೆ ನಿದ್ದೆ. ಮೂರೂವರೆಗೆ ಕುಟುಂಬ ಎರಡು ಪಾಲಾಗಲಿ. ಮಗಳು ನಿಮ್ಮಲ್ಲೊಬ್ಬರ ಜೊತೆ ಅರಮನೆಯ ಒಳಗೆ ಹೋಗಲಿ. ಮಗ, ಅತ್ತೆ, ಇನ್ನೊಬ್ಬರು ಸಂಜೆ ಆರೂವರೆಗೆ ದೀಪ ನೋಡಲು ಬಂದು ಸೇರಿಕೊಳ್ಳಲಿ. ರಜೆಯ ಭಾನುವಾರ ಅರಮನೆಯೊಳಗೆ ಜನಸಾಗರ, ಎಲ್ಲೂ ಮುಟ್ಟುವಂತಿಲ್ಲ, ಓಡುವಂತಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ನಾಲ್ಕು ವರ್ಷದವನಿಗೆ ಅದು ಒಂದೂವರೆ ಗಂಟೆಯ ಶಿಕ್ಷೆ. ಒಂಬತ್ತರವಳಿಗೆ ಅದೇ ಕಥೆಯ ಮನೆ, ಆದರೆ ಒಳಗೆ ಹೋಗುವ ಮುಂಚೆ ಕಥೆ ಹೇಳಿರಬೇಕು. ಇಲ್ಲಿ ಮೊದಲು ಮರದ ಅರಮನೆ ಇತ್ತು; 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು; ಆಮೇಲೆ ಹೆನ್ರಿ ಇರ್ವಿನ್ ನಕ್ಷೆ ಮಾಡಿದ ಈ ಕಲ್ಲಿನ ಅರಮನೆ 1912ರಲ್ಲಿ ಮುಗಿಯಿತು. ಇಷ್ಟು ಗೊತ್ತಿದ್ದರೆ ಅವಳು ಕಂಬಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ.

ಒಳಗೆ ಎಲ್ಲವನ್ನೂ ವಿವರಿಸಲು ಹೋಗಬೇಡಿ, ಮೂರು ಕೆಲಸ ಕೊಡಿ. ಗೊಂಬೆ ತೊಟ್ಟಿಯಲ್ಲಿ ತನಗೆ ಇಷ್ಟವಾದ ಒಂದು ಗೊಂಬೆ ಆರಿಸಬೇಕು. ಕಲ್ಯಾಣಮಂಟಪದ ಗೋಡೆಗಳ ಮೇಲೆ ಹಳೆಯ ದಸರಾ ಮೆರವಣಿಗೆಯ ಚಿತ್ರಗಳಿವೆ, ಅದರಲ್ಲಿ ತನ್ನ ವಯಸ್ಸಿನ ಮಕ್ಕಳನ್ನು ಹುಡುಕಬೇಕು. ಅದೇ ಮಂಟಪದ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲುಗಳನ್ನು ಎಣಿಸಬೇಕು. ಮೆರವಣಿಗೆಯ ಚಿತ್ರ ಬಹಳ ಮುಖ್ಯ, ಏಕೆಂದರೆ ಸೋಮವಾರ ಬೆಳಗ್ಗೆ ಅವಳು ನಿಜವಾದ ಆನೆಗಳನ್ನು ಅದೇ ದಾರಿಯಲ್ಲಿ ನೋಡಲಿದ್ದಾಳೆ. ಒಂದು ಜೊತೆ ಕಾಲುಚೀಲ ಜೇಬಿನಲ್ಲಿರಲಿ, ಬಿಸಿಲಿದ್ದರೆ ಅಂಗಳದ ಕಲ್ಲು ಕಾದಿರುತ್ತದೆ.

ದೀಪಾಲಂಕಾರ ಸಾಮಾನ್ಯ ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಮಾತ್ರ, ದಸರೆಯಲ್ಲಿ ಪ್ರತಿದಿನ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಏಳರ ಸುಮಾರಿಗೆ ಒಂದೇ ಏಟಿಗೆ ಹೊತ್ತಿಕೊಳ್ಳುತ್ತವೆ. ಆ ಕ್ಷಣಕ್ಕೆ ಮುಂಚೆಯೇ ಅಲ್ಲಿರಬೇಕು, ಹೊತ್ತಿದ ಮೇಲೆ ಬಂದರೆ ಅರ್ಧ ಸುಖ ಹೋಯಿತು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು "ಹತ್ತು, ಒಂಬತ್ತು, ಎಂಟು" ಎಂದು ಎಣಿಸುತ್ತಿರಿ. ಗುಂಪಿನ ನಡುವಿಗೆ ಹೋಗಬೇಡಿ, ಅಂಗಳದ ಅಂಚಿನಲ್ಲಿ, ಗೇಟಿಗೆ ಹತ್ತಿರವಾಗಿ ನಿಲ್ಲಿ. ಅರ್ಧ ಗಂಟೆ ನೋಡಿ, ಎಲ್ಲರೂ ಹೊರಡುವ ಮುಂಚೆ ನೀವು ಹೊರಡಿ.

ಈಗ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ದಸರಾ ಗುಂಪಿನಲ್ಲಿ ಮಗು ಕೈ ತಪ್ಪುವುದಕ್ಕೆ ಅರೆಕ್ಷಣ ಸಾಕು. ನನ್ನ ತರಗತಿಯ ಹುಡುಗನೊಬ್ಬ ಒಂದು ಸಂಜೆ ಬಲೂನಿನ ಹಿಂದೆ ಹೋಗಿ ಇಪ್ಪತ್ತು ನಿಮಿಷ ಸಿಗಲಿಲ್ಲ. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಕಲಿತ ಪಾಠಗಳು ಇವು. ಬೆಳಗ್ಗೆ ಹೊರಡುವ ಮುಂಚೆ ಇಬ್ಬರು ಮಕ್ಕಳದ್ದೂ ಅಂದಿನ ಬಟ್ಟೆಯಲ್ಲಿ ಪೂರ್ತಿ ಫೋಟೊ ತೆಗೆಯಿರಿ. ಮಗನ ಮುಂಗೈ ಮೇಲೆ ನಿಮ್ಮ ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೇಬಿನ ಚೀಟಿ ಬಿದ್ದುಹೋಗುತ್ತದೆ. ತಪ್ಪಿಸಿಕೊಂಡರೆ ನಮ್ಮನ್ನು ಹುಡುಕುತ್ತ ಓಡಬೇಡ, ನಿಂತಲ್ಲೇ ನಿಲ್ಲು, ಪೊಲೀಸರಿಗೋ ಮಗುವನ್ನು ಎತ್ತಿಕೊಂಡಿರುವ ಅಮ್ಮನಿಗೋ ಹೇಳು ಎಂದು ಮನೆಯಲ್ಲೇ ಆಟದ ಹಾಗೆ ಅಭ್ಯಾಸ ಮಾಡಿಸಿ. 112 ಮತ್ತು ಮಕ್ಕಳ ಸಹಾಯವಾಣಿ 1098, ಎರಡೂ ನಂಬರು ಮಗಳಿಗೆ ಬಾಯಿಪಾಠವಾಗಿರಲಿ.

ಸೋಮವಾರ ಬೆಳಗ್ಗೆ ಆನೆಗಳು. ಜಂಬೂಸವಾರಿಯ ದಿನ ಬರಬೇಕೆಂಬ ಆಸೆ ನಿಮಗಿರಬಹುದು. ಈ ವಯಸ್ಸಿನ ಮಕ್ಕಳೊಂದಿಗೆ ಅದು ಬೇಡವೆಂದೇ ನನ್ನ ಸಲಹೆ. ಬೆಳಗಿನಿಂದ ಜಾಗ ಹಿಡಿದು ಬಿಸಿಲಲ್ಲಿ ಕೂರಬೇಕು, ಮಗುವಿಗೆ ಒಂದಕ್ಕೆ ಬಂದರೆ ಎದ್ದು ಹೋಗುವ ದಾರಿಯೇ ಇರುವುದಿಲ್ಲ. ಅದಕ್ಕಿಂತ ಚೆಂದದ್ದು ಪುಕ್ಕಟೆ ಸಿಗುತ್ತದೆ. ಮತ್ತಿಗೋಡು, ದುಬಾರೆ ಮೊದಲಾದ ಶಿಬಿರಗಳಿಂದ ಬಂದ ಗಜಪಡೆ ದಸರೆಗೆ ವಾರಗಳ ಮುಂಚೆಯೇ ಅರಮನೆ ಆವರಣದಲ್ಲಿ ಬಿಡಾರ ಹೂಡಿ, ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ನಡಿಗೆಯ ತಾಲೀಮು ಮಾಡುತ್ತದೆ. ಬೆಳಗ್ಗೆ ಏಳು, ಏಳೂವರೆ ಹೊತ್ತಿಗೆ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನ ಮೇಲೆ ನಿಂತರೆ ಸಾಲಾಗಿ ಆನೆಗಳು ಹಾದುಹೋಗುತ್ತವೆ, ಗಂಟೆಯ ಸದ್ದು ಮೊದಲು ಬರುತ್ತದೆ. ಅಂದಿನ ಹೊತ್ತನ್ನು ಹಿಂದಿನ ರಾತ್ರಿಯೇ ಹೋಟೆಲಿನವರನ್ನು ಕೇಳಿಕೊಳ್ಳಿ. 2020ರಿಂದ ಅಂಬಾರಿ ಹೊರುತ್ತ ಬಂದಿರುವವನು ಅಭಿಮನ್ಯು. ಅಂಬಾರಿಯ ತೂಕ ಸುಮಾರು 750 ಕಿಲೋ, ಅದಕ್ಕೇ ತಾಲೀಮಿನಲ್ಲಿ ಮರಳುಮೂಟೆ ಹೊರಿಸಿ ಅಭ್ಯಾಸ ಮಾಡಿಸುತ್ತಾರೆ. ಹೋಮ್‌ವರ್ಕಿಗೆ ಗೊಣಗುವ ಮಕ್ಕಳಿಗೆ ಆನೆಗೂ ಅಭ್ಯಾಸ ಮಾಡಿಸುತ್ತಾರೆ ಎಂಬುದು ಬಹಳ ಹಿಡಿಸುತ್ತದೆ. ಸೆಲ್ಫಿಗಾಗಿ ಆನೆಯ ಹತ್ತಿರ ಹೋಗಬೇಡಿ, ಕಿರುಚಬೇಡಿ, ಮಗನನ್ನು ಎತ್ತಿಕೊಂಡೇ ಇರಿ.

ಅಲ್ಲಿಂದ ತಿಂಡಿ, ನಂತರ ಮೃಗಾಲಯ. ಶನಿವಾರ, ಭಾನುವಾರ ಬಿಟ್ಟು ಇದನ್ನು ಸೋಮವಾರಕ್ಕೆ ಇಟ್ಟದ್ದು ಜನಸಂದಣಿಯ ಕಾರಣಕ್ಕೆ. ಮಂಗಳವಾರ ಮೃಗಾಲಯಕ್ಕೂ ಕಾರಂಜಿ ಕೆರೆಗೂ ವಾರದ ರಜೆ. ದಸರೆ, ಬೇಸಿಗೆ ರಜೆಗಳಲ್ಲಿ ಕೆಲವೊಮ್ಮೆ ತೆರೆಯುತ್ತಾರಾದರೂ ಅದನ್ನು ನಂಬಿ ಯೋಜನೆ ಹಾಕಬೇಡಿ. ಎಷ್ಟು ಕುಟುಂಬಗಳು ಮಂಗಳವಾರ ಗೇಟಿನ ಮುಂದೆ ಅಳುವ ಮಗುವಿನೊಂದಿಗೆ ನಿಂತದ್ದನ್ನು ನೋಡಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ಎಂಟೂವರೆಗೆ ತೆರೆಯುತ್ತದೆ, ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದರೆ ಸಾಲು ತಪ್ಪುತ್ತದೆ. ಗೇಟಿನಲ್ಲಿ ಚೀಲ ತೆಗೆದು ನೋಡುತ್ತಾರೆ, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ, ಚಿಪ್ಸ್ ಪೊಟ್ಟಣ ಕೋಣೆಯಲ್ಲೇ ಬಿಟ್ಟು ಬನ್ನಿ.

1892ರಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆಯ ಮೃಗಾಲಯವಾಗಿ ಶುರು ಮಾಡಿದ್ದು ಇಂದು 157 ಎಕರೆಗೆ ಬೆಳೆದಿದೆ. ಪೂರ್ತಿ ಸುತ್ತಿದರೆ ಸುಮಾರು ಮೂರು ಕಿಲೋಮೀಟರು ನಡಿಗೆ. ಅತ್ತೆಯವರಿಗೆ ಬ್ಯಾಟರಿ ಗಾಡಿ ಇದೆ, ಟಿಕೆಟ್ ಕೌಂಟರಿನಲ್ಲೇ ಕೇಳಿ. ಮಗನೂ ಅವರ ಜೊತೆ ಕೂರಬಹುದು. ಹಿಂದಿನ ರಾತ್ರಿ ಇಬ್ಬರು ಮಕ್ಕಳೂ ಮೂರು ಮೂರು ಪ್ರಾಣಿಗಳ ಹೆಸರು ಹೇಳಲಿ, ಆ ಆರರ ಮುಂದೆ ಮಾತ್ರ ಬೇಕಾದಷ್ಟು ಹೊತ್ತು ನಿಲ್ಲಿ, ಉಳಿದವನ್ನು ನಡೆಯುತ್ತ ನೋಡಿ. ಜಿರಾಫೆ ಹೇಗೂ ಪಟ್ಟಿಯಲ್ಲಿ ಇರುತ್ತದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳನ್ನು ನಾನು ಸೇರಿಸುತ್ತೇನೆ. ಅವುಗಳ ಮುಂದೆ ಐದು ನಿಮಿಷ ಸುಮ್ಮನೆ ನಿಂತರೆ ಅವು ನಮ್ಮನ್ನು ನೋಡುವ ರೀತಿಗೆ ದೊಡ್ಡವರೂ ಮಾತು ಮರೆಯುತ್ತಾರೆ. ಗೊರಿಲ್ಲಾವನ್ನೋ ಹುಲಿಯನ್ನೋ ಎಬ್ಬಿಸಲು ಕೂಗುವವರು ಸಿಕ್ಕೇ ಸಿಗುತ್ತಾರೆ. ನಿಮ್ಮ ಮಕ್ಕಳು ಅದನ್ನು ನೋಡಿ ಕಲಿಯದಂತೆ ಮೊದಲೇ ಹೇಳಿರಿ. ಹನ್ನೆರಡಕ್ಕೆ ಹೊರಗೆ ಬನ್ನಿ.

ರೈಲಿಗೆ ಸಮಯವಿದ್ದರೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಕುಂಕುಮದ ಗುಡ್ಡೆಗಳನ್ನು ನೋಡಿಕೊಂಡು ಒಂದು ಚಿಪ್ಪು ನಂಜನಗೂಡು ರಸಬಾಳೆ ಕೊಳ್ಳಿ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಪಕ್ಕದಲ್ಲೇ ಇದೆ, ಮೈಸೂರುಪಾಕನ್ನು ಮೊದಲು ಮಾಡಿದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರದು. ಇನ್ನು ಊಟದ ಮಾತು. ಮೈಸೂರು ಮಸಾಲೆದೋಸೆಯ ಒಳಗೆ ಸವರುವ ಕೆಂಪು ಚಟ್ನಿ ಚಿಕ್ಕವನಿಗೆ ಖಾರವಾದೀತು, ಅವನಿಗೆ ಸೆಟ್‌ದೋಸೆ ಹೇಳಿ. ಅತ್ತೆಯವರಿಗೆ ಜೋಳದ ರೊಟ್ಟಿ ಬೇಕೆನಿಸಿದರೆ ಉತ್ತರ ಕರ್ನಾಟಕದ ಊಟದ ಖಾನಾವಳಿಗಳು ನಮ್ಮಲ್ಲೂ ಇವೆ. ಆದರೂ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯಿಂದಲೇ ಬರಲಿ. ರೈಲಿನಲ್ಲಿ, ಮಧ್ಯಾಹ್ನದ ಕೋಣೆಯಲ್ಲಿ ಅದು ಎಷ್ಟು ಕೆಲಸಕ್ಕೆ ಬರುತ್ತದೆಂದು ನಿಮಗೇ ಗೊತ್ತು.

ಬಿಟ್ಟವುಗಳ ಬಗ್ಗೆ ಎರಡು ಮಾತು, ಮನೆಯವರಿಗೆ ಒಪ್ಪಿಸಲು ನಿಮಗೆ ಬೇಕಾಗುತ್ತದೆ. ಊಟಿ ಮೈಸೂರಿನಿಂದ 125 ಕಿಲೋಮೀಟರು. ಮಸಿನಗುಡಿ ದಾರಿಯಲ್ಲಿ 36 ಹೇರ್‌ಪಿನ್ ತಿರುವು, ಬಂಡೀಪುರದೊಳಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ, 2024ರಿಂದ ನೀಲಗಿರಿಗೆ ಇ-ಪಾಸ್ ಬೇರೆ ಬೇಕು. ಒಂದೇ ದಿನದಲ್ಲಿ ಹೋಗಿಬಂದರೆ ಮಕ್ಕಳು ನೋಡುವುದು ಕಾರಿನ ಸೀಟು, ವಾಂತಿಯ ಚೀಲ ಎರಡನ್ನೇ. ಬೃಂದಾವನ ಸಂಜೆಯ ಜಾಗ, ಸಂಗೀತ ಕಾರಂಜಿ ಕತ್ತಲಾದ ಮೇಲೆ. ಒಳಗೆ ಬಹಳ ನಡೆಯಬೇಕು, ವಾಪಸಾಗುವಾಗ ಎಲ್ಲರೂ ಒಟ್ಟಿಗೇ ಹೊರಟು ರಸ್ತೆ ಕಟ್ಟಿಕೊಳ್ಳುತ್ತದೆ. ಅತ್ತೆಯವರ ಮೊಣಕಾಲಿಗೆ ಅದು ಬೇಡ, ದೀಪದ ಸಂಭ್ರಮ ನಿಮಗೆ ಅರಮನೆಯಲ್ಲೇ ಸಿಕ್ಕಿರುತ್ತದೆ. ವಸ್ತುಪ್ರದರ್ಶನದಲ್ಲಿ ದೊಡ್ಡ ತೊಟ್ಟಿಲು, ಡೆಲ್ಲಿ ಹಪ್ಪಳ ಮಕ್ಕಳಿಗೆ ಪ್ರಾಣ. ಆದರೆ ಅದಕ್ಕೆ ಇನ್ನೊಂದು ರಾತ್ರಿ ಬೇಕು.

ರಂಗನತಿಟ್ಟನ್ನು ಬಿಡಿ ಎನ್ನಲು ಮಾತ್ರ ನನಗೆ ಸಂಕಟವಾಗುತ್ತದೆ. 1940ರಲ್ಲಿ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮವಾದ ಜಾಗ ಅದು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಪಕ್ಕದಲ್ಲೇ ದೋಣಿ ಹಾದುಹೋಗುವಾಗ ಮಕ್ಕಳ ಮುಖ ನೋಡಬೇಕು. ಆದರೆ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಗೂಡು ಕಟ್ಟಿ ಮರಿ ಮಾಡುವ ಹಕ್ಕಿಗಳ ಸಂತೆ ಇರುವುದು ಜನವರಿಯ ನಂತರ. ಅದನ್ನು ಶ್ರೀರಂಗಪಟ್ಟಣದ ಜೊತೆ ಸೇರಿಸಿ ಮುಂದೆಂದಾದರೂ ಬೇಸಿಗೆಗೆ ಮೊದಲು, ಫೆಬ್ರುವರಿಯಲ್ಲಿ, ಒಂದು ದಿನ ಪೂರ್ತಿ ಅದಕ್ಕೇ ಕೊಟ್ಟು ನೋಡಿ.

ದಸರೆಯ ಯಾವ ವಾರಾಂತ್ಯ ಎಂಬುದನ್ನೂ ನೋಡಿಕೊಳ್ಳಿ. ಉದ್ಘಾಟನೆಯ ದಿನ ಬೆಟ್ಟದ ಮೇಲೆ ಗಣ್ಯರ ಗದ್ದಲ. ಆಯುಧಪೂಜೆ, ವಿಜಯದಶಮಿಯಂದು ಮೃಗಾಲಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಖಾಸಗಿ ದರ್ಬಾರು, ಪೂಜೆಗಳಿರುವ ದಿನಗಳಲ್ಲಿ ಅರಮನೆಯ ಒಳಗೆ ಪ್ರವಾಸಿಗರನ್ನು ಕೆಲ ಹೊತ್ತು ಬಿಡುವುದಿಲ್ಲ. ಈ ದಿನಗಳನ್ನು ತಪ್ಪಿಸಿದ ಶನಿವಾರ, ಭಾನುವಾರ ಹಿಡಿಯಿರಿ.

ಕೊನೆಗೆ ಅತ್ತೆಯವರ ಮಾತು. ಅವರನ್ನು ಬಿಟ್ಟು ಬರಬೇಡಿ. ಮೇಲಿನ ಯೋಜನೆಯಲ್ಲಿ ಅವರು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೊರಡಬೇಕಾಗಿಲ್ಲ, ಮೆಟ್ಟಿಲು ಹತ್ತಬೇಕಾಗಿಲ್ಲ. ಮಹಿಷಾಸುರನ ಕಥೆಯನ್ನು ನಿಮ್ಮ ಮಗನಿಗೆ ಅವರಷ್ಟು ಚೆನ್ನಾಗಿ ಹೇಳುವವರು ಮೈಸೂರಿನಲ್ಲಿ ಯಾವ ಗೈಡೂ ಸಿಗುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಅವರಿಂದ ಒಮ್ಮೆ ಹೇಳಿಸಿ. ನೋವಿನ ಎಣ್ಣೆ, ಮೊಣಕಾಲ ಪಟ್ಟಿ, ದಿನದ ಮಾತ್ರೆ ಅವರ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ರೈಲು ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ಬುಕ್ ಮಾಡುವಾಗ ಅವರ ವಯಸ್ಸನ್ನು ಸರಿಯಾಗಿ ಹಾಕಿ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೊಡಲು ಆದ್ಯತೆ ಇದೆ. ಮಗನಿಗೆ ಐದು ತುಂಬದ ಕಾರಣ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ, ಅಜ್ಜಿಯ ಮಗ್ಗುಲಲ್ಲೇ ಮಲಗಲಿ.